ಹೆದರುತ್ತಲೇ ಸೌದೆ ಒಡೆ

ಟೋಕಿಯೊದಲ್ಲಿ ಮನೋವೈದ್ಯ ಡಾ. ಶೋಮಾ ಮೊರಿಟಾ ಅವರ ಮನೆಗೆ ಚಿಕಿತ್ಸೆಗೆ ಬಂದವರಿಗೆ ಮೊದಲ ವಾರ ಒಂದೇ ಕೆಲಸ: ಮಲಗಿರುವುದು. ಓದುವಂತಿಲ್ಲ, ಯಾರೊಂದಿಗೂ ಹರಟುವಂತಿಲ್ಲ. ಊಟಕ್ಕೆ, ಬಚ್ಚಲಿಗೆ ಎದ್ದರೆ ಆಯಿತು. ಎದೆ ಡವಡವ ಅಂದರೆ ಅನ್ನಲಿ, ಸಾವಿನ ಯೋಚನೆ ಬಂದರೆ ಬರಲಿ. ಕೆಲವು ದಿನ ಕಳೆಯುವಷ್ಟರಲ್ಲಿ ಭಯಕ್ಕಿಂತ ಬೇಸರ ದೊಡ್ಡದಾಗುತ್ತಿತ್ತು, ಏನಾದರೂ ಮಾಡೋಣ ಅನ್ನಿಸುತ್ತಿತ್ತು. ಮೊರಿಟಾ ಕಾಯುತ್ತಿದ್ದುದು ಆ ಬೇಸರಕ್ಕೇ.

ಆಮೇಲೆ ಅಂಗಳದ ಸಣ್ಣಪುಟ್ಟ ಕೆಲಸ, ಮುಂದೆ ಸೌದೆ ಒಡೆಯುವುದು, ತೋಟದ ದುಡಿಮೆ, ಕೊನೆಗೆ ಊರಿಗೆ ಮರಳುವ ತಯಾರಿ. ರಾತ್ರಿ ದಿನಚರಿ ಬರೆದೊಪ್ಪಿಸಬೇಕು. ವೈದ್ಯರು ಕೆಂಪು ಶಾಯಿಯಲ್ಲಿ ಷರಾ ಹಾಕಿ ಹಿಂತಿರುಗಿಸುತ್ತಿದ್ದರು. ಗೋಳು ತೋಡಿಕೊಂಡರೆ ಅಲ್ಲಿ ಹೆಚ್ಚು ಮರ್ಯಾದೆ ಇರಲಿಲ್ಲ. ಇವತ್ತು ಏನು ಮಾಡಿದೆ ಎಂಬುದಕ್ಕೆ ಇತ್ತು.

1919ರ ಸುಮಾರಿಗೆ ರೂಪುಗೊಂಡ ಈ ಪದ್ಧತಿ ಉಳಿದವುಗಳಿಗಿಂತ ಬೇರೆಯಾಗುವುದು ಒಂದು ತಾತ್ವಿಕ ಪ್ರಶ್ನೆಯಲ್ಲಿ. ವಿಯೆನ್ನಾದ ಫ್ರಾಯ್ಡ್ ನೋವಿನ ಬೇರನ್ನು ಬಾಲ್ಯದಲ್ಲಿ ಹುಡುಕಿದರು. 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್, ನಿನ್ನನ್ನು ಕಾಡುವ ಯೋಚನೆಗೆ ಪುರಾವೆ ಏನಿದೆ ಎಂದು ರೋಗಿಯ ಕೈಯಲ್ಲೇ ಪರೀಕ್ಷೆ ಮಾಡಿಸಿದರು. ದಾರಿ ಬೇರೆಯಾದರೂ ಇಬ್ಬರೂ ಕೈಹಾಕುವುದು ಮನಸ್ಸಿನೊಳಗಿನ ತೊಡಕಿಗೇ. ಬದುಕಲು ಮನಸ್ಸು ಮೊದಲು ನೆಟ್ಟಗಾಗಲೇಬೇಕೇ?

ಬೇಡ ಅನ್ನುತ್ತಾರೆ ಮೊರಿಟಾ. ನಾಲ್ಕು ಜನರೆದುರು ಮುಖ ಕೆಂಪೇರುತ್ತದೆಂದು ಹೆದರುವವನು ಕೆಂಪೇರಬಾರದೆಂದು ಹೆಣಗಿದಷ್ಟೂ ಗಮನವೆಲ್ಲ ಕೆನ್ನೆಯ ಮೇಲೇ ನಿಂತು ಇನ್ನಷ್ಟು ಕೆಂಪಾಗುತ್ತಾನೆ. ಅವನಿಗೆ ಜನರ ಮೆಚ್ಚುಗೆ ಬೇಕಾಗಿದೆ. ಭಯ ಆ ಆಸೆಯದೇ ಇನ್ನೊಂದು ಮುಖ. ಭಯವನ್ನು ಕಿತ್ತೆಸೆದರೆ ಬದುಕುವ ಆಸೆಯೂ ಜೊತೆಗೇ ಕಿತ್ತು ಬಂದೀತು.

ಇದು ಅವರ ಸ್ವಂತ ಅನುಭವವೂ ಹೌದು. ಬಾಲ್ಯದಲ್ಲಿ ದೇಗುಲವೊಂದರಲ್ಲಿ ನರಕದ ಚಿತ್ರ ನೋಡಿದಂದಿನಿಂದ ಸಾವಿನ ಭಯ ಅವರನ್ನು ಹಿಡಿದಿತ್ತು. ವಿದ್ಯಾರ್ಥಿಯಾಗಿದ್ದಾಗ ಮೈಗೆ ನೂರೆಂಟು ಕಾಯಿಲೆ. ಪರೀಕ್ಷೆ ಹತ್ತಿರ ಬಂದಾಗ ಅಪ್ಪನಿಂದ ಹಣ ಬರಲಿಲ್ಲ. ಸಿಟ್ಟಿನಲ್ಲಿ ಔಷಧಿ ಬಿಟ್ಟು, ಸತ್ತರೆ ಸಾಯಲಿ ಎಂದು ಓದಿಗೆ ಕೂತರು. ಪರೀಕ್ಷೆಯೂ ಚೆನ್ನಾಗಾಯಿತು, ಕಾಯಿಲೆಯ ಸುಳಿವೂ ಇರಲಿಲ್ಲ!

ಹಾಗಾದರೆ, ಇದ್ದದ್ದನ್ನು ಇದ್ದಂತೆ ಒಪ್ಪುವ ಇದು ಜೆನ್ ಬೌದ್ಧಮಾರ್ಗವೇ ಅಲ್ಲವೇ? ಅವರ ಶಿಷ್ಯ ಗೆನ್ಯು ಉಸಾ ಸ್ವತಃ ಜೆನ್ ಸನ್ಯಾಸಿ. ಕ್ಯೋಟೊದ ತೋಫುಕುಜಿ ಮಠದ ಆವರಣದಲ್ಲೇ ಆಸ್ಪತ್ರೆ ನಡೆಸಿದರು. ಜೆನ್ ಮಾತುಗಳನ್ನು ಧಾರಾಳವಾಗಿ ಬಳಸಿದ ಮೊರಿಟಾ ಮಾತ್ರ, ತನ್ನ ಚಿಕಿತ್ಸೆ ಅಲ್ಲಿಂದ ಹುಟ್ಟಿದ್ದಲ್ಲ ಎಂದೇ ಹೇಳುತ್ತಿದ್ದರು. ಅದನ್ನು ನಂಬಬಹುದು. ಕನ್ನಡದ ಓದುಗರಿಗೆ ಥಟ್ಟನೆ ನೆನಪಾಗುವ ಗೀತೆಯ ನಿಷ್ಕಾಮ ಕರ್ಮವೂ ಇದಲ್ಲ. ಅಲ್ಲಿ ಫಲದ ಆಸೆ ಬಿಡಬೇಕು; ಇಲ್ಲಿ ಆಸೆಯೇ ಇಂಧನ.

ಎಲ್ಲರಿಗೂ ಇದು ಹೊಂದುವುದಿಲ್ಲ. ಅತಿಯಾಗಿ ತನ್ನನ್ನೇ ಗಮನಿಸಿಕೊಳ್ಳುವ ಸ್ವಭಾವದ ಒಂದು ಬಗೆಯ ರೋಗಿಗಳನ್ನು ಆರಿಸಿಯೇ ಮೊರಿಟಾ ಈ ಕ್ರಮಕ್ಕೆ ಒಡ್ಡುತ್ತಿದ್ದರು. ತೀವ್ರ ಖಿನ್ನತೆಯಲ್ಲಿ ಮುಳುಗಿದವರಿಗೆ ಎದ್ದು ಕೆಲಸ ನೋಡು ಅನ್ನುವುದು ಚಿಕಿತ್ಸೆಯಲ್ಲ, ಕ್ರೌರ್ಯ.

1930ರಲ್ಲಿ ಅವರ ಒಬ್ಬನೇ ಮಗ ತೀರಿಕೊಂಡ. ಮನಸ್ಸನ್ನು ಅರಿತ ಗುರು ಸಮಚಿತ್ತದಿಂದ ಇರುತ್ತಾರೆಂದು ನಿರೀಕ್ಷಿಸಿದ್ದವರಿಗೆ ಮೊರಿಟಾ ಮರೆಮಾಚದೆ ಅತ್ತದ್ದು ಸೋಜಿಗ ಅನ್ನಿಸಿರಬೇಕು. ಅವರ ತರ್ಕದಲ್ಲಿ ಅದಕ್ಕೆ ಸಮಜಾಯಿಷಿಯೇ ಬೇಕಿರಲಿಲ್ಲ: ಮಗ ಸತ್ತಾಗ ಅಳು ಬರುವುದು ಆರೋಗ್ಯ, ಅದನ್ನು ಅದುಮಿಡಲು ಹೆಣಗುವುದು ರೋಗ.