ಅಷ್ಟಬಂಧವೂ ಮಕ್ಕಳ ಬಂಧವೂ



ಬಿಂಬವನ್ನು ಪೀಠದೊಡನೆ ಬಿಗಿಯುವ ಅಷ್ಟಬಂಧವು ಕಾಲಕ್ರಮದಲ್ಲಿ ಸಡಿಲುವುದು. ಆದುದರಿಂದಲೇ ಹನ್ನೆರಡು ವರ್ಷಗಳಿಗೊಮ್ಮೆ ಅದನ್ನು ಹೊಸದಾಗಿಸಿ ಬ್ರಹ್ಮಕಲಶವನ್ನು ನೆರವೇರಿಸುವ ಪದ್ಧತಿಯನ್ನು ಹಿರಿಯರು ಇಟ್ಟಿರುವರು. ಬಂಧ ಸಡಿಲಿತೆಂದು ಯಾರೂ ಬಿಂಬವನ್ನು ದೂರುವುದಿಲ್ಲ. ಅದನ್ನು ಬಿಗಿಗೊಳಿಸುವುದು ಪೂಜಿಸುವವರ ಹೊಣೆ.

ಮನೆಯೊಳಗೂ ಇಂತಹ ಒಂದು ಬಂಧವುಂಟು. ಮಗುವಿಗೆ ಹತ್ತು ಹನ್ನೆರಡು ವರ್ಷಗಳಾಗಿ, ಐದರಿಂದ ಏಳನೆಯ ತರಗತಿಗಳಲ್ಲಿ ಓದುವ ಕಾಲದಲ್ಲಿ ಅದು ಸಡಿಲತೊಡಗುವುದು. ನಿನ್ನೆಯವರೆಗೆ ಅಮ್ಮನ ಸೆರಗು ಹಿಡಿದು ಶಾಲೆಯ ಸಂಗತಿಗಳನ್ನೆಲ್ಲ ಹೇಳುತ್ತಿದ್ದ ಹುಡುಗನು ಇಂದು "ಶಾಲೆಯಲ್ಲಿ ಎಂತ ಆಯ್ತು ಮಗಾ?" ಎಂದರೆ, ಚೀಲವನ್ನು ಮೂಲೆಗಿಟ್ಟು "ಎಂತ ಇಲ್ಲ" ಎಂದು ಒಳಗೆ ಹೋಗುವನು. ಕಾಸರಗೋಡಿನ ಕನ್ನಡ ಮನೆಗಳಲ್ಲಿ ಇನ್ನೊಂದು ಕಾರಣವೂ ಸೇರುವುದು. 1956ನೆಯ ನವೆಂಬರ್ 1ರಂದು ಈ ಸೀಮೆಯು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಮಕ್ಕಳು ಮನೆಯಲ್ಲೊಂದು, ಹೊರಗೊಂದು ನುಡಿಯಲ್ಲಿ ಬೆಳೆಯುತ್ತಿರುವರು. ಗೆಳತಿಯರ ಮಲೆಯಾಳದ ನಗೆಮಾತು ಅಜ್ಜಿಗೆ ತಿಳಿಯದು. ಅಜ್ಜಿಯ ಕಥೆ ಗೆಳತಿಯರಿಗೆ ತಿಳಿಯದು. ಎರಡು ನುಡಿಗಳನ್ನು ಬಲ್ಲುದು ಸಂಪತ್ತೇ ಸರಿ. ಆದರೆ ಮನಸ್ಸಿನ ಅಳಲನ್ನು ಕೇಳುವ ಕಿವಿಯೇ ಮನೆಯಲ್ಲಿಲ್ಲದಿದ್ದರೆ ಮಗುವು ಎರಡು ನುಡಿಗಳಲ್ಲಿಯೂ ಮೂಕವಾಗುವುದು.

ಕುಂಬಳೆಯ ಬಳಿಯ ಅನಂತಪುರ ಸರೋವರ ಕ್ಷೇತ್ರದ ಐತಿಹ್ಯವು ಈ ಸೀಮೆಯಲ್ಲಿ ಸುಪರಿಚಿತವಾದುದು. ವಿಲ್ವಮಂಗಲ ಸ್ವಾಮಿಗಳ ಬಳಿಗೆ ದಿಕ್ಕಿಲ್ಲದ ಬಾಲಕನೊಬ್ಬನು ಬಂದು, ಅವಮಾನವಾದ ಕ್ಷಣವೇ ಹೊರಟುಹೋಗುವೆನೆಂಬ ಕರಾರಿನಿಂದ ಸೇವೆಗೆ ನಿಂತನು. ಸೇವೆಯ ಜೊತೆಗೆ ತಂಟೆಯೂ ಇತ್ತು. ಒಂದು ದಿನ ಪೂಜೆಯ ನಡುವೆ ಅದನ್ನು ಸಹಿಸಲಾರದೆ ಸ್ವಾಮಿಗಳು ಎಡಗೈಯಿಂದ ಅವನನ್ನು ತಳ್ಳಿದರು. ಬಾಲಕನು ಗುಹೆಯೊಳಗೆ ಮಾಯವಾದನು. ಅವನು ಶ್ರೀಹರಿಯೆಂದರಿತ ಸ್ವಾಮಿಗಳು ಪಶ್ಚಾತ್ತಾಪದಿಂದ ಅನಂತನ ಕಾಡಿನವರೆಗೂ ಅರಸುತ್ತ ನಡೆದರು. ತಳ್ಳಿದುದು ಒಂದು ಕ್ಷಣ, ಅರಸಿದುದು ನಾಡಿನುದ್ದಕ್ಕೆ. ಬಾಲಕನೇ ಮರಳಿ ಬರಲೆಂದು ಅವರು ಕಾಯುತ್ತ ಕೂಡಲಿಲ್ಲ.

ಕಠೋಪನಿಷತ್ತಿನ ನಚಿಕೇತನೂ ಬಾಲಕನೇ. ತಂದೆಯು ಬಡಕಲು ಹಸುಗಳನ್ನು ದಾನ ಕೊಡುವುದನ್ನು ಕಂಡು, ತನ್ನನ್ನು ಯಾರಿಗೆ ಕೊಡುವೆಯೆಂದು ಮೂರು ಬಾರಿ ಕೇಳಿದನು. ಪ್ರಶ್ನೆಯೊಳಗಿನ ಕಳಕಳಿಯನ್ನು ಕಾಣದೆ ತಂದೆಯು ಸಿಡುಕಿ, ಮೃತ್ಯುವಿಗೆ ಕೊಟ್ಟೆನೆಂದನು. ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸವಿದ್ದ ಆ ಬಾಲಕನಿಗೆ ಮೂರು ವರಗಳು ದೊರೆತವು. ಆತ್ಮವಿದ್ಯೆಯನ್ನು ಅವನು ಕೇಳಿದುದು ಕೊನೆಯಲ್ಲಿ. ಮೊದಲು ಕೇಳಿದುದು, ತಂದೆಯ ಕೋಪ ಶಾಂತವಾಗಲಿ, ತಾನು ಮರಳಿದಾಗ ಗುರುತಿಸಿ ಮಾತನಾಡಿಸಲಿ ಎಂಬುದನ್ನು. ಮುಖ ತಿರುಗಿಸಿ ಒಳಗೆ ಹೋಗುವ ಮಗುವಿನ ಎದೆಯಲ್ಲಿಯೂ ಈ ಬೇಡಿಕೆಯೇ ಅಡಗಿರುವುದು. ಅದನ್ನು ಸಲ್ಲಿಸಲು ಯಮನವರೆಗೆ ಹೋಗಬೇಕಾಗಿಲ್ಲ, ಹೆತ್ತವರೇ ಸಲ್ಲಿಸಬಲ್ಲರು.

ಇದಕ್ಕೆ ಧನವೂ ಬೇಕಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳ ಫೋನಿನೊಡನೆ ದೊಡ್ಡವರ ಫೋನೂ ಬದಿಗಿರಲಿ. ಭಜನೆಗೂ ಊಟಕ್ಕೂ ಮನೆಮಂದಿ ಒಟ್ಟಿಗೆ ಕುಳಿತುಕೊಳ್ಳಲಿ. ಅಂಕಗಳ ಲೆಕ್ಕವನ್ನು ಕೇಳುವ ಮೊದಲು ಗೆಳೆಯರ ಹೆಸರನ್ನು ಕೇಳಲಿ. ಮಗುವು ಮಲೆಯಾಳದ ಮಾತನ್ನಾಡಿದರೆ ಗದರದೆ, ಅದರ ಅರ್ಥವನ್ನು ಮಗುವಿನಿಂದಲೇ ಕಲಿಯಲಿ. ಅರ್ಥ ಹೇಳುವ ಹೆಮ್ಮೆಯಲ್ಲಿ ಅದು ತಾನಾಗಿಯೇ ಕನ್ನಡಕ್ಕೆ ಬರುವುದು. ತಪ್ಪನ್ನು ತಿದ್ದುವುದು ಧರ್ಮವೇ. ಆದರೆ ವಿದ್ಯಾಗರ್ವದಿಂದ ಮರಳಿದ ಶ್ವೇತಕೇತುವಿನಿಂದ ಆಲದ ಹಣ್ಣನ್ನು ತರಿಸಿ, ಒಡೆಸಿ, ಏನು ಕಾಣುವೆಯೆಂದು ಕೇಳುತ್ತ ಕೇಳುತ್ತ ಉದ್ದಾಲಕನು ಅವನನ್ನು ತಿದ್ದಿದನೆಂಬುದನ್ನು ನೆನೆಯತಕ್ಕದ್ದು. ಕೋಪದಲ್ಲಿ ಮಾತು ಮೀರಿದ್ದರೆ, ತಪ್ಪಾಯಿತೆಂದು ಹಿರಿಯರೇ ಮೊದಲು ಹೇಳಲಿ. ವಿಲ್ವಮಂಗಲರಿಗೆ ಕುಂದೆನಿಸದುದು ಗೃಹಸ್ಥನಿಗೆ ಕುಂದಾಗದು.

ಬ್ರಹ್ಮಕಲಶದ ತೀರ್ಥವನ್ನು ಸ್ವೀಕರಿಸಿದ ಕೈಯು ಮನೆಗೆ ಮರಳಿ ಮಗುವಿನ ತಲೆಯನ್ನು ನೇವರಿಸಲಿ. ಪೀಠದಲ್ಲಿ ನೆಲೆಗೊಂಡ ಸ್ವಾಮಿಯು ಮನೆಮನೆಯ ಈ ಬಂಧವನ್ನೂ ದೃಢಪಡಿಸಲಿ.

ಶುಭಮಸ್ತು.