ಮ್ಯಾನೇಜ್‌ಮೆಂಟ್ ಓದೋರಿಗೆ ಒಂದು ಪ್ರಶ್ನೆ

ಯಾರ ಕೈಕೆಳಗೂ ದುಡಿಯದ ಹದಿನೆಂಟರ ಹುಡುಗ ಬಿಬಿಎ ಸೇರಿ, ಇನ್ನೊಬ್ಬರಿಂದ ಕೆಲಸ ಮಾಡಿಸೋದನ್ನ ಕಲೀತಾನೆ. ಕಲೀಬಹುದಾ? ಕಲಿಯೋದು ಸರೀನಾ?

ಈ ಓದಿನಲ್ಲಿ ಬೇಗನೆ ಸಿಗುವ ಹೆಸರು ಫ್ರೆಡ್ರಿಕ್ ಟೇಲರ್. 1911ರ ತನ್ನ ಪುಸ್ತಕದಲ್ಲಿ ಅವನು ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಕಥೆ ಹೇಳ್ತಾನೆ. ಅಲ್ಲಿ ಒಬ್ಬ ಕೂಲಿ ದಿನಕ್ಕೆ ಸುಮಾರು 12.5 ಟನ್ ಕಬ್ಬಿಣದ ಗಟ್ಟಿಗಳನ್ನು ವ್ಯಾಗನ್‌ಗೆ ಹೇರುತ್ತಿದ್ದ. ಟೇಲರ್ 'ಶ್ಮಿಟ್' ಅಂತ ಕರೆದ ಕೂಲಿಯೊಬ್ಬ, ಎತ್ತು ಅಂದಾಗ ಎತ್ತಿ, ಕೂರು ಅಂದಾಗ ಕೂತು, 47.5 ಟನ್ ಹೇರಿದ. ಕೂಲಿ 1.15 ಡಾಲರ್‌ನಿಂದ 1.85ಕ್ಕೆ ಏರಿತು. ಕೆಲಸ ಹೆಚ್ಚುಕಮ್ಮಿ ನಾಲ್ಕು ಪಟ್ಟು, ಸಂಬಳ ಅರವತ್ತು ಪರ್ಸೆಂಟ್ ಹೈಕ್. ಎಲ್ಲ ಹೀಗೇ ನಡೀತಾ ಅಂತ ಇತಿಹಾಸಕಾರರು ಅನುಮಾನಪಟ್ಟಿದ್ದಾರೆ. ಆದರೂ ಕಥೆ ಪಾಠವಾಗಿ ಉಳಿದಿದೆ.

ನನ್ನನ್ನು ಕಾಡೋದು ಲೆಕ್ಕ ಅಲ್ಲ. ಇಂಥ ಕೆಲಸಕ್ಕೆ ತಕ್ಕವನ ಬುದ್ಧಿ ಎತ್ತಿಗೆ ಹತ್ತಿರ ಅಂತ ಟೇಲರ್ ಬರೀತಾನೆ. ಅದೇ ಪುಸ್ತಕದಲ್ಲಿ, ಶ್ಮಿಟ್ ಪುಟ್ಟ ಜಾಗ ಕೊಂಡು, ಕೆಲಸದ ಮುಂಚೆ, ಕೆಲಸದ ನಂತರ ತಾನೇ ಮನೆ ಕಟ್ಟುತ್ತಿದ್ದ ಅಂತಾನೂ ಬರೀತಾನೆ! ಸೈಟು ತಗೊಂಡು ಮನೆ ಕಟ್ಟಿದವರನ್ನ ಕೇಳಿ, ಅದಕ್ಕೆ ಎಷ್ಟು ಪ್ಲಾನಿಂಗ್ ಬೇಕು ಅಂತ. ಯೋಚಿಸೋರು ಬೇರೆ, ಮಾಡೋರು ಬೇರೆ ಅಂತ ಮೊದಲೇ ತೀರ್ಮಾನಿಸಿದವನಿಗೆ ಕಣ್ಣೆದುರಿನ ಮನೆಯೂ ಕಾಣಲಿಲ್ಲ.

ನಮ್ಮ ಆಫೀಸುಗಳಲ್ಲಿ ಕಬ್ಬಿಣದ ಬದಲು ಟಿಕೆಟ್‌ಗಳಿವೆ, ಅಷ್ಟೇ. ಕೋಡ್ ಬರೆಯೋನು ಒಬ್ಬ, ಅದಕ್ಕೆ ಎಷ್ಟು ದಿನ ಬೇಕು ಅಂತ ಕ್ಲೈಂಟ್‌ಗೆ ಮಾತು ಕೊಡೋನು ಇನ್ನೊಬ್ಬ.

ನಮ್ಮೂರಲ್ಲಿ ನಾಟಿಗೆ ಮುಯ್ಯಾಳು ಪದ್ಧತಿ ಇತ್ತು. ಇವತ್ತು ತನ್ನ ಗದ್ದೆಯಲ್ಲಿ 'ಬೇಗ ಬೇಗ ನೆಡ್ರೋ' ಅನ್ನೋನು ನಾಳೆ ಇನ್ನೊಬ್ಬರ ಗದ್ದೆಯಲ್ಲಿ ಸೊಂಟ ಬಗ್ಗಿಸಲೇಬೇಕು. ಹಾಗಾಗಿ ಅವನ ಬಾಯಿಗೆ ತಾನಾಗೇ ಲಗಾಮು. ಸಾವಿರ ಜನರ ಕಂಪನಿಯಲ್ಲಿ ಮುಯ್ಯಿ ನಡೆಯಲ್ಲ, ಒಪ್ತೀನಿ. ಅಷ್ಟು ಜನರ ಕೆಲಸ ಹೊಂದಿಸೋದು ಒಂದು ವಿದ್ಯೆಯೇ, ಅದನ್ನ ಓದಲೇಬೇಕು. ಆದರೆ ನಾಳೆ ತಾನು ಬಗ್ಗಬೇಕಿಲ್ಲ ಅಂತ ಗೊತ್ತಿರೋನಿಗೆ ಲಗಾಮು ಯಾವುದು? ಡಿಗ್ರಿ ಕಲಿಸಬೇಕಾದ್ದು ಮೊದಲು ಅದನ್ನ. ಬಿಬಿಎ ಓದೋ ನಿಮ್ಮ ತಮ್ಮನೋ ತಂಗಿಯೋ ಟೇಲರ್ ಕಥೆ ಹೇಳಿದರೆ ಇಷ್ಟು ಕೇಳಿ: ದಿನಕ್ಕೆ ಎಷ್ಟು ಟನ್ ಆಗತ್ತೆ ಅಂತ ಶ್ಮಿಟ್‌ನನ್ನ ಯಾರಾದ್ರೂ ಕೇಳಿದ್ರಾ?