ಶಿಲುಬೆ ಮತ್ತು ಅಜಲು

ಯೇಸು ಲೋಕದ ಪಾಪ ಹೊತ್ತ ಅಂತ ಇಗರ್ಜಿಯಲ್ಲಿ ಹೇಳುತ್ತಾರೆ. ಉಪ್ಪುಂದದಿಂದ ತೆಂಕಕ್ಕೆ ಚಾಚಿದ ಈ ಕರಾವಳಿಗೆ ಅದೇನು ಹೊಸ ಸುದ್ದಿಯಲ್ಲ. ಇಲ್ಲಿ ತಲೆಮಾರುಗಳ ಕಾಲ ಕೊರಗರಿಂದ ಅದನ್ನೇ ಮಾಡಿಸಿದರು. ರೋಗಿಯ ಕೂದಲು, ಉಗುರು ಕಲಸಿದ ಅನ್ನ ತಿನ್ನಿಸಿ, ರೋಗ ಅವರ ಮೈಗೆ ದಾಟಲಿ ಅಂದರು. ಇದೇ ಅಜಲು. ರಾಜ್ಯ ಇದನ್ನು ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು 53 ವರ್ಷ ಕಳೆದ ಮೇಲೆ!

ಕೊರಗರಲ್ಲಿ ಕೆಲವರು ಕ್ರೈಸ್ತರಾದರು. ಅವರಿಗೆ ಶಿಲುಬೆ ತೋರಿಸಿ, ‘ಸಹಿಸು, ದೇವರೂ ಸಹಿಸಿದ’ ಅಂದರೆ ಅದೆಂತ ಸಮಾಧಾನ? ಯೇಸು ತಾನಾಗಿ ಹೊತ್ತ. ಇವರ ಮೇಲೆ ಹೊರಿಸಿದರು. ತಾನಾಗಿ ಹೊತ್ತರೆ ತ್ಯಾಗ, ಹೊರಿಸಿದರೆ ಬಿಟ್ಟಿ. ಬಿಟ್ಟಿಗೆ ತ್ಯಾಗದ ಹೆಸರಿಡುವುದು ಇನ್ನೊಂದು ಅಜಲು.

ಹಾಗಾದರೆ ಹಿರಿಯರ ಪಾಪವೇ? ಮೋಶೆಯ ಕಟ್ಟಳೆ ಅಪ್ಪನ ದೋಷವನ್ನು ಮೂರು ನಾಲ್ಕು ತಲೆಯವರೆಗೆ ಎಳೆಯುತ್ತದೆ. ಪ್ರವಾದಿ ಯೆಹೆಜ್ಕೇಲ ಅದನ್ನು ಒಪ್ಪುವುದಿಲ್ಲ. ಹುಟ್ಟುಕುರುಡನನ್ನು ಕಂಡು, ಪಾಪ ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ತಳ್ಳಿಹಾಕಿದ. ದೇವರ ಕ್ರಿಯೆ ಕಾಣಲಿಕ್ಕೆ ಅಂದ. ಅದಕ್ಕಾಗಿ ಒಬ್ಬ ಕುರುಡನಾಗಿಯೇ ಹುಟ್ಟಬೇಕಿತ್ತೇ? ಈ ಪ್ರಶ್ನೆ ಉಳಿದೇ ಉಳಿಯುತ್ತದೆ. ಆದರೆ ಯೇಸು ಅಷ್ಟಕ್ಕೇ ನಿಲ್ಲಲಿಲ್ಲ. ಉಗುಳಿನಲ್ಲಿ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿದ. ಲೆಕ್ಕ ಹೇಳುವವರು, ಅದು ಕರ್ಮದ್ದಿರಲಿ ಆದಿಪಾಪದ್ದಿರಲಿ, ಈ ಮಣ್ಣನ್ನು ಮುಟ್ಟುವುದಿಲ್ಲ.

ಇನ್ನು ಕ್ಷಮೆಯ ಮಾತು. ಕಾನೂನು ಬಂತು ಸರಿ, ತಿನ್ನಿಸಿದವರಲ್ಲಿ ಕ್ಷಮೆ ಕೇಳಿದವರೆಷ್ಟು ಮಂದಿ? ಕೇಳದವನಿಗೆ ಕ್ಷಮೆ ಕೊಡಿಸುವುದು ನ್ಯಾಯವಲ್ಲ, ಅದೂ ಬಿಟ್ಟಿಯೇ. ತಿಂದವನಿಗೆ ‘ಕ್ಷಮಿಸು’ ಅಂತ ಉಪದೇಶ ಮಾಡಲು ಹೊರಟವರೇ, ಮೊದಲು ತಿನ್ನಿಸಿದವನ ಮನೆ ಬಾಗಿಲಿಗೆ ಹೋಗಿ.